ಜೆಮಾ ಎಲ್-ಫ್ನಾದಲ್ಲಿ ಒಂದು ರಾತ್ರಿ: ಮರಾಕೇಶ್ ಚೌಕದ ಬೀದಿ ಸಂಗೀತ ಕೇಳುವ ಸಮಗ್ರ ಮಾರ್ಗದರ್ಶಿ

ಮೊದಲ ರಾತ್ರಿ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಮೊರಾಕೊದ ಮರಾಕೇಶ್ ಊರಿನ ಜೆಮಾ ಎಲ್-ಫ್ನಾ ಚೌಕಕ್ಕೆ ಹೋದೆ. ಎರಡು ಗಂಟೆ ಸುತ್ತಿದೆ. ಕಂಡ ಕಂಡ ಗುಂಪಿನ ಮುಂದೆ ಎರಡೆರಡು ನಿಮಿಷ ನಿಂತೆ, ಮೊಬೈಲ್ ಎತ್ತಿದೆ, ಮುಂದಕ್ಕೆ ಹೋದೆ. ರೂಮಿಗೆ ಬಂದು ವಿಡಿಯೊ ಹಾಕಿ ನೋಡಿದರೆ ಎಲ್ಲದರಲ್ಲೂ ಒಂದೇ ಗದ್ದಲ. ಜಾತ್ರೆಯಲ್ಲಿ ಕಳೆದುಹೋದವರು ತೆಗೆದ ವಿಡಿಯೊ ಥರ.

ಮಾರನೇ ರಾತ್ರಿ ಕಾಲು ನೋಯುತ್ತಿತ್ತು. ಒಂದು ಗುಂಪಿನಲ್ಲಿ ಸಣ್ಣ ಸ್ಟೂಲು ಖಾಲಿ ಕಂಡಿತು, ಸುಮ್ನೆ ಕೂತೆ. ಒಂದೂವರೆ ಗಂಟೆ ಏಳಲಿಲ್ಲ. ಆ ಚೌಕದಲ್ಲಿ ಸಂಗೀತ ಇದೆ ಅಂತ ನನಗೆ ಗೊತ್ತಾಗಿದ್ದು ಆವತ್ತು.

ಈ ಬರಹದಲ್ಲಿ ಹೇಳುವ ಹಂತಗಳೆಲ್ಲ ಆ ಸ್ಟೂಲಿನವರೆಗೆ ನಿಮ್ಮನ್ನು ಕರೆದುಕೊಂಡು ಹೋಗುವುದಕ್ಕೆ. ಎರಡು ರಾತ್ರಿ ಇಟ್ಟುಕೊಳ್ಳಿ. ಒಂದೇ ರಾತ್ರಿ ಇದ್ದರೆ ನಾನು ಮೊದಲ ದಿನ ಮಾಡಿದ್ದನ್ನು ಬಿಟ್ಟುಬಿಡಿ.

ಮೊದಲು ಜಾಗ ಅರ್ಥ ಮಾಡಿಕೊಳ್ಳಿ

ಜೆಮಾ ಎಲ್-ಫ್ನಾ ಇರುವುದು ಮರಾಕೇಶಿನ ಹಳೆ ಊರಿನ ಬಾಯಲ್ಲಿ. ಹಳೆ ಊರಿಗೆ ಅಲ್ಲಿ ಮದೀನಾ ಅನ್ನುತ್ತಾರೆ. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಕುತೂಬಿಯಾ ಮಸೀದಿಯ ಗೋಪುರ ಕಾಣುತ್ತದೆ. 12ನೇ ಶತಮಾನದ್ದು, ಎತ್ತರ ಸುಮಾರು 77 ಮೀಟರ್. ಉತ್ತರಕ್ಕೆ ಸೂಕ್ ಅನ್ನುವ ಸಂತೆಬೀದಿಗಳು. ದಾರಿ ತಪ್ಪಿದರೆ ಆ ಗೋಪುರ ಹುಡುಕಿ, ಚೌಕ ಸಿಗುತ್ತದೆ. ಮಸೀದಿಯ ಒಳಗೆ ಮುಸ್ಲಿಮರಲ್ಲದವರಿಗೆ ಪ್ರವೇಶ ಇಲ್ಲ, ಹೊರಗಿನಿಂದ ನೋಡಬಹುದು.

ಇಲ್ಲಿ ವೇದಿಕೆ ಇಲ್ಲ, ಟಿಕೆಟ್ ಇಲ್ಲ, ಇಂಥ ಹೊತ್ತಿಗೆ ಇಂಥವರು ಅನ್ನುವ ಪಟ್ಟಿಯೂ ಇಲ್ಲ. ಇರುವುದು ಹಲ್ಕಾ. ಅರಬ್ಬಿಯಲ್ಲಿ ಹಲ್ಕಾ ಅಂದರೆ ಉಂಗುರ, ವೃತ್ತ. ಆಟಗಾರ ನಡುವೆ, ಜನ ಸುತ್ತ. ಜನ ನಿಂತರೆ ಹಲ್ಕಾ ಹುಟ್ಟುತ್ತದೆ, ಜನ ಹೋದರೆ ಮುಗಿಯಿತು. ನಮ್ಮೂರ ಸಂತೆಯಲ್ಲಿ ದೊಂಬರಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಥೆ ಹೇಳುವವರು, ಹಾಡುವವರು, ನಗಿಸುವವರು, ಮೂಲಿಕೆ ಔಷಧಿ ಮಾರುವವರು ಎಲ್ಲರಿಗೂ ಒಂದೊಂದು ಹಲ್ಕಾ. ಈ ಬಾಯಿಮಾತಿನ, ಬಯಲಿನ ಪರಂಪರೆಯನ್ನು ಯುನೆಸ್ಕೋ 2001ರಲ್ಲಿ ಮನುಕುಲದ ಪರಂಪರೆ ಅಂತ ಗುರುತಿಸಿತು. 2008ರಲ್ಲಿ ಅದು ಅಧಿಕೃತ ಪಟ್ಟಿಗೂ ಸೇರಿತು. ಕಟ್ಟಡ, ಸ್ಮಾರಕಗಳಿಗೆ ಇಂಥ ಗೌರವ ಸಿಗುವುದು ಮಾಮೂಲಿ. ಇಲ್ಲಿ ಅದು ಸಿಕ್ಕಿದ್ದು ಖಾಲಿ ಬಯಲಿನಲ್ಲಿ ಜನ ಸೇರುವ ರೀತಿಗೆ.

2023ರ ಸೆಪ್ಟೆಂಬರ್ 8ರ ರಾತ್ರಿಯ ಭೂಕಂಪದಲ್ಲಿ ಚೌಕದ ಅಂಚಿನಲ್ಲಿದ್ದ ಖರ್ಬೂಶ್ ಮಸೀದಿಯ ಸಣ್ಣ ಗೋಪುರ ಉರುಳಿಬಿತ್ತು. ಆ ರಾತ್ರಿ ಎಷ್ಟೋ ಮಂದಿ ಮನೆ ಬಿಟ್ಟು ಇದೇ ಬಯಲಿನಲ್ಲಿ ಮಲಗಿದರು.

ಹಂತ 1: ದಿನ ಮತ್ತು ಹೊತ್ತು ಆರಿಸಿಕೊಳ್ಳಿ

ಮಾರ್ಚ್‌ನಿಂದ ಮೇ, ಅಕ್ಟೋಬರ್‌ನಿಂದ ನವೆಂಬರ್ ಹಿತವಾಗಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹಗಲು 40 ಡಿಗ್ರಿ ದಾಟುವುದುಂಟು. ಆದರೆ ಸಂಗೀತಕ್ಕೆ ಅಂತ ಹೋಗುವವರಿಗೆ ಬೇಸಿಗೆ ಅಷ್ಟೇನೂ ಕೆಟ್ಟದ್ದಲ್ಲ. ಹಗಲೆಲ್ಲ ಮನೆಯೊಳಗಿದ್ದ ಊರಿನವರು ರಾತ್ರಿ ಮಕ್ಕಳು ಮರಿ ಸಮೇತ ಹೊರಗೆ ಬರುತ್ತಾರೆ, ಹಲ್ಕಾಗಳು ಜಾಸ್ತಿ ಹೊತ್ತು ನಡೆಯುತ್ತವೆ. ಚಳಿಗಾಲದ ರಾತ್ರಿ ಸ್ವೆಟರ್ ಬೇಕೇ ಬೇಕು. ಮರುಭೂಮಿಯ ಹತ್ತಿರದ ಊರು, ಬೆಚ್ಚಗಿರುತ್ತದೆ ಅಂದುಕೊಂಡು ಹತ್ತಿಯ ಅಂಗಿಯಲ್ಲಿ ಹೋಗಿ ನಡುಗಿದವರಲ್ಲಿ ನಾನೂ ಒಬ್ಬ.

ಸೂರ್ಯ ಮುಳುಗುವುದು ಡಿಸೆಂಬರ್‌ನಲ್ಲಿ ಸಂಜೆ ಆರೂವರೆ ಸುಮಾರಿಗೆ, ಜೂನ್‌ನಲ್ಲಿ ಎಂಟೂಮುಕ್ಕಾಲರ ಹತ್ತಿರ. ಅದಕ್ಕೆ ಅರ್ಧ ಗಂಟೆ ಮುಂಚೆ ಚೌಕದಲ್ಲಿರಿ. ಸೂರ್ಯ ಮುಳುಗಿದ ಕೂಡಲೇ ಮಗ್ರಿಬ್ ಆಜಾನ್ ಆಗುತ್ತದೆ, ಆ ಹೊತ್ತಿಗೆ ವಾದ್ಯಗಳು ತಣ್ಣಗಾಗುತ್ತವೆ. ಆಜಾನ್ ಮುಗಿದ ಮೇಲೆ ಒಂದೊಂದೇ ಚರ್ಮವಾದ್ಯ ಮತ್ತೆ ಬಾಯಿಬಿಡುತ್ತದೆ. ರಾತ್ರಿಯ ನಮಾಜಿನ ಕರೆ ಬಂದಾಗಲೂ ಹೀಗೇ. ಯಾಕೆ ನಿಲ್ಲಿಸಿದರು ಅಂತ ಗಾಬರಿಯಾಗಿ ಎದ್ದು ಹೋಗಬೇಡಿ. ಕೂತಿರಿ.

ರಂಜಾನ್ ತಿಂಗಳಿನ ಲೆಕ್ಕ ಬೇರೆ. ಹಗಲು ಚೌಕ ಬಿಕೋ ಅನ್ನುತ್ತದೆ. ಇಫ್ತಾರ್ ಹೊತ್ತಿಗಂತೂ ಬೀದಿಯಲ್ಲಿ ಬೆಕ್ಕು ಬಿಟ್ಟರೆ ಯಾರೂ ಇಲ್ಲ. ಉಪವಾಸ ಬಿಟ್ಟು ಎರಡು ಗಂಟೆಯ ಮೇಲೆ ಹೋಗಿ. ಇನ್ನೊಂದು ವಿಷಯ: ಮೊರಾಕೊ ವರ್ಷವೆಲ್ಲ ಭಾರತಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ ಇರುತ್ತದೆ, ರಂಜಾನಿನಲ್ಲಿ ಮಾತ್ರ ಗಡಿಯಾರವನ್ನು ಮತ್ತೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ.

ಹಂತ 2: ಜೇಬಿಗೆ ಚಿಲ್ಲರೆ ತುಂಬಿಸಿ

ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಇಡೀ ರಾತ್ರಿಯ ನೆಮ್ಮದಿ ಇದರ ಮೇಲೆ ನಿಂತಿದೆ.

ಅಲ್ಲಿಯ ದುಡ್ಡು ದಿರ್ಹಮ್. ಒಂದು ದಿರ್ಹಮ್ ಅಂದರೆ ನಮ್ಮ 9, 10 ರೂಪಾಯಿ ಆಸುಪಾಸು. ಭಾರತದಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ರೂಪಾಯಿ ನಂಬಿಕೊಂಡೂ ಹೋಗಬೇಡಿ. ಡಾಲರ್ ಅಥವಾ ಯೂರೊ ಒಯ್ದು ಅಲ್ಲೇ ಬದಲಾಯಿಸಿಕೊಳ್ಳಿ, ಇಲ್ಲವೇ ಎಟಿಎಂನಿಂದ ತೆಗೆಯಿರಿ. ಎಟಿಎಂ ಕೊಡುವುದು 100, 200ರ ನೋಟು. ಅದನ್ನು ಹಿಡಿದುಕೊಂಡು ಹಲ್ಕಾಗೆ ಹೋದರೆ ಕೆಲಸ ಕೆಟ್ಟಿತು. ದುಡ್ಡು ಕೇಳುವ ತಟ್ಟೆ ಮುಂದೆ ಬಂದಾಗ 200ರ ನೋಟು ತೋರಿಸಿ ಚಿಲ್ಲರೆ ಕೊಡಿ ಅಂತ ಕೇಳಲು ಆಗುತ್ತದಾ?

ಹಗಲಲ್ಲೇ ನೋಟು ಮುರಿಸಿಕೊಳ್ಳಿ. ನೀರಿನ ಬಾಟಲಿ, ದಿನಸಿ ಅಂಗಡಿ, ಮ್ಯೂಸಿಯಂ ಟಿಕೆಟ್, ಎಲ್ಲಿ ಆಗುತ್ತದೋ ಅಲ್ಲಿ. ಚೌಕದ ಅಂಚಿನಲ್ಲಿ ಸಾಲಾಗಿ ನಿಂತ ಕಿತ್ತಳೆ ರಸದ ಗಾಡಿಗಳೂ ಇದಕ್ಕೆ ಒಳ್ಳೆಯವು. ರಾತ್ರಿಗೆ 5 ಮತ್ತು 10 ದಿರ್ಹಮ್‌ನ ನಾಣ್ಯ ಸೇರಿ ಒಂದು 60, 70 ದಿರ್ಹಮ್ ಇರಲಿ. ಅವು ಮುಂದಿನ ಜೇಬಿನಲ್ಲಿ. ಉಳಿದ ದುಡ್ಡು, ಪಾಸ್‌ಪೋರ್ಟ್ ರೂಮಿನಲ್ಲಿ ಅಥವಾ ಅಂಗಿಯ ಒಳಗೆ. ಗುಂಪಿನ ನಡುವೆ ಪರ್ಸ್ ಬಿಚ್ಚುವ ಸಂದರ್ಭವೇ ಬರಬಾರದು.

ಹಂತ 3: ಮೊದಲು ಮೇಲಿನಿಂದ ಕೇಳಿ

ಚೌಕದ ಸುತ್ತ ತಾರಸಿ ಕೆಫೆಗಳಿವೆ. ಪೂರ್ವದ ಅಂಚಿನಲ್ಲಿರುವ ಕೆಫೆ ದ ಫ್ರಾನ್ಸ್ ಹಳೆಯದು. ಏನಾದರೂ ಕುಡಿಯಲು ತೆಗೆದುಕೊಂಡರೆ ಮಾತ್ರ ಮೇಲೆ ಬಿಡುತ್ತಾರೆ. ಪುದೀನ ಚಹಾ ಹೇಳಿ, ಬೇಲಿಯ ಪಕ್ಕ ಕುರ್ಚಿ ಹಿಡಿಯಿರಿ. ಕೆಳಗೆ ಬೀದಿಯಲ್ಲಿ ಕೊಡುವುದಕ್ಕಿಂತ ಬೆಲೆ ಜಾಸ್ತಿ, ಆದರೆ ನೀವು ಕೊಡುತ್ತಿರುವುದು ಆ ಕುರ್ಚಿಗೆ.

ಎಲ್ಲರೂ ಇಲ್ಲಿ ಸೂರ್ಯಾಸ್ತದ ಫೋಟೊ ತೆಗೆಯುತ್ತಾರೆ. ನೀವು ನಕ್ಷೆ ಮಾಡಿಕೊಳ್ಳಿ. ಎಲ್ಲಿ ಹೊಗೆ ಏಳುತ್ತಿದೆಯೋ ಅದು ಊಟದ ಅಂಗಡಿಗಳ ಜಾಗ. ಅದರಾಚೆ ಕತ್ತಲಾದ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ದೀಪ, ದೀಪದ ಸುತ್ತ ಕಪ್ಪು ಉಂಗುರದ ಹಾಗೆ ಜನ. ಅವೇ ಹಲ್ಕಾಗಳು. ಯಾವ ಉಂಗುರ ದಪ್ಪವಾಗಿದೆ, ಯಾವುದರಲ್ಲಿ ಜನ ಕೂತಿದ್ದಾರೆ ನೋಡಿ. ಜನ ನಿಂತ ಹಲ್ಕಾದಲ್ಲಿ ತಮಾಷೆ ನಡೆಯುತ್ತಿರುತ್ತದೆ. ಜನ ಕೂತ ಹಲ್ಕಾದಲ್ಲಿ ಹೆಚ್ಚಾಗಿ ಹಾಡು. ನಾನು ಕಂಡುಕೊಂಡ ಲೆಕ್ಕ ಇದು, ಮೂರಕ್ಕೆ ಎರಡು ಸಲ ಸರಿಯಾಗಿತ್ತು.

ಇಪ್ಪತ್ತು ನಿಮಿಷ ಸಾಕು. ಮೇಲೆ ಕೂತರೆ ಎಲ್ಲಾ ವಾದ್ಯ ಕಲಸಿ ಒಂದೇ ಮುದ್ದೆಯಾಗಿ ಕೇಳುತ್ತದೆ. ಇಳಿಯಿರಿ.

ಹಂತ 4: ಕಿವಿ ಹಿಡಿದು ಹುಡುಕಿ

ಕೆಳಗೆ ಬಂದ ಮೇಲೆ ಕಣ್ಣಿಗೆ ಸ್ವಲ್ಪ ರಜೆ ಕೊಡಿ. ಯಾವ ಸದ್ದು ಯಾರದ್ದು ಅಂತ ಗೊತ್ತಿದ್ದರೆ ಗದ್ದಲ ಬಿಡಿಬಿಡಿಯಾಗುತ್ತದೆ.

ಓಲಗದ ಹಾಗೆ ಕಿವಿಗೆ ಚುಚ್ಚುವ ಸ್ವರ ಕೇಳಿದರೆ ಅದು ಘೈತಾ. ನಮ್ಮ ಶಹನಾಯಿಯ ಬಳಗದ್ದೇ. ಹಗಲಲ್ಲಿ ಹಾವಾಡಿಗರ ಹತ್ತಿರ ಕೇಳುತ್ತದೆ. ಹಾವು, ಮಂಗ ಇರುವ ಕಡೆ ನಾನಂತೂ ನಿಲ್ಲುವುದಿಲ್ಲ. ಆ ಪ್ರಾಣಿಗಳ ಪಾಡು ನೋಡಲಾಗುವುದಿಲ್ಲ, ಮೇಲಿಂದ ನಿಮ್ಮ ಹೆಗಲ ಮೇಲೆ ಮಂಗ ಕೂರಿಸಿ ದುಡ್ಡು ಕೇಳುತ್ತಾರೆ. ದೂರದಿಂದ ಘೈತಾ ಕೇಳಿ, ಮುಂದೆ ನಡೆಯಿರಿ.

ಒಂದೇ ತಂತಿಯ, ಮೂಗಿನಿಂದ ಹಾಡಿದಂಥ ಸ್ವರ ಬಂದರೆ ಅದು ರಿಬಾಬ್. ಅಟ್ಲಾಸ್ ಬೆಟ್ಟಗಳು ಮತ್ತು ದಕ್ಷಿಣದ ಸೂಸ್ ಸೀಮೆಯ ಅಮಾಜಿಗ್ ಜನರ ವಾದ್ಯ. ಹೊರಗಿನವರು ಇವರನ್ನು ಬರ್ಬರರು ಅಂದರು, ಅವರು ತಮ್ಮನ್ನು ಅಮಾಜಿಗ್ ಎಂದೇ ಕರೆದುಕೊಳ್ಳುತ್ತಾರೆ. ಚರ್ಮ ಬಿಗಿದ ದುಂಡನೆಯ ಬುರುಡೆ, ಕುದುರೆ ಕೂದಲ ತಂತಿ, ಬಿಲ್ಲು. ಜೊತೆಗೆ ಲೋತಾರ್ ಅನ್ನುವ ಮೀಟುವ ವಾದ್ಯ ಇರಬಹುದು. ಹಾಡು ಅರಬ್ಬಿಯಲ್ಲಿ ಇರುವುದಿಲ್ಲ, ಅವರದೇ ನುಡಿ. ಕೆಲವು ಹಲ್ಕಾಗಳಲ್ಲಿ ಹೆಂಗಸಿನ ಉಡುಪು, ಮುಸುಕು ತೊಟ್ಟ ಗಂಡಸರು ಕುಣಿಯುತ್ತಾರೆ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದರಲ್ಲೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ.

ಪಿಟೀಲನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ನುಡಿಸುವವರು ಕಂಡರೆ ಅದು ಶಾಬಿ, ಮದುವೆ ಮನೆಗಳಲ್ಲಿ ಬಾರಿಸುವ ಜನಪ್ರಿಯ ಸಂಗೀತ. ನಮ್ಮವರು ಪಿಟೀಲಿನ ತುದಿಯನ್ನು ಪಾದಕ್ಕೆ ಊರಿ ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿಕೊಂಡರು. ಇವರು ತೊಡೆ ಮೇಲೆ ಕೂರಿಸಿ ತಮ್ಮದು ಮಾಡಿಕೊಂಡರು.

ಬ್ಯಾಂಜೊ ಕೇಳಿದರೆ ಆಶ್ಚರ್ಯ ಬೇಡ. 1970ರ ದಶಕದ ಶುರುವಿನಲ್ಲಿ ಕಾಸಾಬ್ಲಾಂಕಾದ ಬಡವರ ಕೇರಿಯಿಂದ ನಾಸ್ ಎಲ್ ಗಿವಾನ್ ಅನ್ನುವ ತಂಡ ಬಂತು. ಹಳ್ಳಿಯ ಪದ, ಸೂಫಿ ಹಾಡು, ಮುಂದೆ ಹೇಳಲಿರುವ ಗ್ನಾವಾ ಸಂಗೀತದ ಲಯ, ಜೊತೆಗೆ ಬ್ಯಾಂಜೊ. ದೇಶದ ಹುಡುಗರೆಲ್ಲ ಅದರ ಹಿಂದೆ ಬಿದ್ದರು. ಆ ಬಗೆಯ ಹಾಡುಗಳ ಹಲ್ಕಾ ಇವತ್ತಿಗೂ ಚೌಕದಲ್ಲಿ ತಡರಾತ್ರಿವರೆಗೆ ನಡೆಯುತ್ತದೆ. ಸುತ್ತ ಕೂತವರಲ್ಲಿ ಅರ್ಧ ಜನಕ್ಕೆ ಪೂರ್ತಿ ಹಾಡು ಬಾಯಿಪಾಠ. ನನಗೆ ಸ್ಟೂಲು ಸಿಕ್ಕಿದ್ದು ಇಂಥದ್ದೇ ಒಂದರಲ್ಲಿ.

ಇನ್ನು, ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಬಿಡದೆ ಉರುಳುತ್ತಾ ಬಂದರೆ ಅದು ಗ್ನಾವಾ. ಇದಕ್ಕೆ ಬೇರೆಯೇ ಜಾಗ ಬೇಕು.

ಗ್ನಾವಾವನ್ನು ಕೇಳುವ ಬಗೆ

ಗ್ನಾವಾ ಜನರ ಪೂರ್ವಿಕರು ಸಹಾರಾದ ದಕ್ಷಿಣದಿಂದ, ಪಶ್ಚಿಮ ಆಫ್ರಿಕಾದ ಕಡೆಯಿಂದ ಬಂದವರು. ಬಹಳ ಮಂದಿ ಗುಲಾಮರಾಗಿ ಎಳೆದು ತರಲ್ಪಟ್ಟವರು. ಅವರ ಹಾಡುಗಳಲ್ಲಿ ಅಲ್ಲಾ, ಪ್ರವಾದಿ, ಸೂಫಿ ಸಂತರ ಹೆಸರಿನ ಜೊತೆಗೆ ಹಳೆಯ ಆಫ್ರಿಕನ್ ನುಡಿಗಳ ಪದಗಳೂ ಉಳಿದಿವೆ. 2019ರಲ್ಲಿ ಯುನೆಸ್ಕೋ ಗ್ನಾವಾವನ್ನೂ ತನ್ನ ಪಟ್ಟಿಗೆ ಸೇರಿಸಿತು. ಆ ಹಲ್ಕಾದಲ್ಲಿ ಕೂತಾಗ ನನಗೆ ಯಲ್ಲಾಪುರ, ಹಳಿಯಾಳದ ಕಡೆಯ ನಮ್ಮ ಸಿದ್ದಿಗಳ ಡಮಾಮಿ ಅನ್ನುವ ಚರ್ಮವಾದ್ಯ ನೆನಪಾಯಿತು. ಸಿದ್ದಿಗಳು ಪೂರ್ವ ಆಫ್ರಿಕಾದ ಮೂಲದವರು, ಇವರು ಪಶ್ಚಿಮದವರು, ದಾರಿ ಬೇರೆ ಬೇರೆ. ಚರ್ಮವಾದ್ಯವನ್ನು ಇಬ್ಬರೂ ಕೈಬಿಡಲಿಲ್ಲ.

ತಂಡದ ಯಜಮಾನನಿಗೆ ಮಾಲೆಮ್ ಅನ್ನುತ್ತಾರೆ, ಅಂದರೆ ಮೇಷ್ಟ್ರು, ಕಸುಬು ಬಲ್ಲವನು. ಅವನ ತೊಡೆಯ ಮೇಲೆ ಇರುವುದು ಗೆಂಬ್ರಿ. ಒಂದೇ ಮರದ ತುಂಡು ಕೊರೆದು ಮಾಡಿದ ಉದ್ದನೆಯ ಬುರುಡೆ, ಮೇಲೆ ಒಂಟೆಯ ಚರ್ಮ, ಮೂರು ಕರುಳಿನ ತಂತಿ. ಸ್ವರ ಬಹಳ ತಗ್ಗಿನದು, ಹೊಟ್ಟೆಯಲ್ಲಿ ಕೇಳಿದ ಹಾಗೆ. ಮೀಟುವ ಕೈಯಲ್ಲೇ ಚರ್ಮಕ್ಕೂ ತಟ್ಟುತ್ತಾನೆ, ಹಾಗಾಗಿ ಒಂದೇ ವಾದ್ಯ ತಂತಿಯೂ ಹೌದು, ಮದ್ದಳೆಯೂ ಹೌದು. ಕೆಲವದರ ಕೊರಳ ತುದಿಗೆ ಸಣ್ಣ ಬಳೆಗಳಿರುವ ಲೋಹದ ತಗಡು ಸಿಕ್ಕಿಸಿರುತ್ತಾರೆ. ಪ್ರತಿ ಮೀಟಿಗೂ ಅದು ಝರ್ ಅನ್ನುತ್ತದೆ. ವಾದ್ಯ ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ಬೇಕು ಅಂತಲೇ ಹಾಕಿದ್ದು.

ಸುತ್ತ ಕೂತವರ ಕೈಯಲ್ಲಿ ಕ್ರಾಕೆಬ್. ಎರಡು ಬಟ್ಟಲನ್ನು ಒಂದಕ್ಕೊಂದು ಅಂಟಿಸಿದ ಆಕಾರದ ಕಬ್ಬಿಣದ ತಗಡುಗಳು, ಒಂದೊಂದು ಕೈಯಲ್ಲಿ ಒಂದೊಂದು ಜೊತೆ. ನಮ್ಮ ಭಜನೆಯ ಚಿಟಿಕೆಯನ್ನು ದೊಡ್ಡದು ಮಾಡಿ ಸಿಟ್ಟು ಬರಿಸಿದರೆ ಹೇಗಿರುತ್ತದೋ ಹಾಗೆ. ಸುಮ್ಮನೆ ಕೇಳಿದರೆ ಇದು ಬರೀ ಸದ್ದು. ಆದರೆ ಬಾಯಲ್ಲಿ ತಕಿಟ ತಕಿಟ ಅಂದುಕೊಳ್ಳುತ್ತಾ ಕೇಳಿ ನೋಡಿ. ಕೂರುತ್ತದೆ. ಈಗ ತಕದಿಮಿ ಅನ್ನಿ. ಅದೂ ಕೂರುವ ಹಾಗೆ ಅನ್ನಿಸುತ್ತದೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಎಲ್ಲೋ ತೂಗಾಡುವ ನಡೆ ಅದು. ತಾಳ ಹಾಕಲು ಹೊರಟ ನನ್ನ ಕೈ ಎರಡು ಸಲ ಎಡವಿತು. ಪಕ್ಕದಲ್ಲಿದ್ದ ಅಜ್ಜ ನೋಡಿ ನಕ್ಕರು. ತಮ್ಮ ಬೆರಳಿನಿಂದ ನನ್ನ ಮಂಡಿಯ ಮೇಲೆ ತಟ್ಟಿ ತೋರಿಸಿದರು. ಅವರು ಎಣಿಸುತ್ತಲೇ ಇರಲಿಲ್ಲ. ಕ್ರಾಕೆಬ್ ಬಿಟ್ಟು ಗೆಂಬ್ರಿಯ ಕೆಳಗಿನ ಸ್ವರಕ್ಕೆ ಮಾತ್ರ ತಟ್ಟುತ್ತಿದ್ದರು. ಆಮೇಲೆ ಎಲ್ಲ ಸಲೀಸಾಯಿತು.

ಹಾಡು ಮಾತು ಉತ್ತರದ ಹಾಗೆ ನಡೆಯುತ್ತದೆ. ಮಾಲೆಮ್ ಒಂದು ಸಾಲು ಹೇಳುತ್ತಾನೆ, ಉಳಿದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಶುರುವಿನಲ್ಲಿ ನಿಧಾನ, ಬೇಜಾರು ಬರುವಷ್ಟು ನಿಧಾನ. ಎರಡು ನಿಮಿಷಕ್ಕೆ ಎದ್ದು ಹೋಗುವವರು ಎದ್ದು ಹೋಗುವುದು ಇಲ್ಲೇ. ಆಮೇಲೆ ಯಾವಾಗ ಅಂತ ಗೊತ್ತಾಗದ ಹಾಗೆ ವೇಗ ಏರುತ್ತದೆ. ಒಬ್ಬ ಎದ್ದು, ಕವಡೆ ಹೊಲಿದ ಟೋಪಿಯ ಗೊಂಡೆಯನ್ನು ತಲೆ ತಿರುಗಿಸಿ ಗಿರಗಿರ ಸುತ್ತಿಸುತ್ತಾನೆ. ಅದರ ತುತ್ತತುದಿಯಲ್ಲಿ ಎಲ್ಲ ಒಟ್ಟಿಗೆ ಕತ್ತರಿಸಿದ ಹಾಗೆ ನಿಲ್ಲುತ್ತದೆ.

ಒಂದು ಮಾತು ತಿಳಿದಿರಲಿ. ಗ್ನಾವಾದ ಮೂಲ ಆಚರಣೆ ಲಿಲಾ. ಹೆಸರಿನ ಅರ್ಥವೇ ರಾತ್ರಿ. ಮನೆಯೊಳಗೆ, ಧೂಪ ಹಾಕಿ, ಬಣ್ಣ ಬಣ್ಣದ ಬಟ್ಟೆಗಳೊಂದಿಗೆ, ಕಾಯಿಲೆ ಅಥವಾ ಮೈಮೇಲೆ ಬರುವ ಶಕ್ತಿಗಳ ಸಲುವಾಗಿ ಬೆಳಗಿನವರೆಗೆ ನಡೆಯುವಂಥದ್ದು. ಚೌಕದಲ್ಲಿ ಕೇಳುವುದು ಅದರ ಬೀದಿಯ ರೂಪ. "ಇವತ್ತು ರಾತ್ರಿ ಅಸಲಿ ಲಿಲಾ ತೋರಿಸುತ್ತೇನೆ ಬನ್ನಿ" ಅಂತ ಯಾರಾದರೂ ಬಂದರೆ ಹೋಗಬೇಡಿ. ಅಸಲಿ ಲಿಲಾಗೆ ಬೀದಿಯಲ್ಲಿ ಗಿರಾಕಿ ಹುಡುಕುವುದಿಲ್ಲ.

ಹಗಲಲ್ಲಿ ಕೆಂಪು, ನೀಲಿ ಉಡುಪು ತೊಟ್ಟು ಕ್ರಾಕೆಬ್ ಬಡಿಯುತ್ತಾ ಪ್ರವಾಸಿಗಳ ಕಡೆ ಬರುವವರು ಫೋಟೊ ದುಡ್ಡಿಗಾಗಿ ನಿಂತವರು. ತಪ್ಪೇನಿಲ್ಲ, ಹೊಟ್ಟೆಪಾಡು. ಆದರೆ ಸಂಗೀತ ಬೇಕಿದ್ದರೆ ಕತ್ತಲಾಗುವವರೆಗೆ ಕಾಯಿರಿ, ಗೆಂಬ್ರಿ ಇರುವ ಹಲ್ಕಾ ಹುಡುಕಿ. ಗೆಂಬ್ರಿ ಇಲ್ಲದಿದ್ದರೆ ಅರ್ಧ ಗ್ನಾವಾ ಅಷ್ಟೇ.

ಹಂತ 5: ಹಲ್ಕಾ ಒಳಗೆ ಸೇರಿಕೊಳ್ಳಿ

ಹಿಂದೆ ನಿಂತು ಇಣುಕಿದರೆ ನಿಮಗೂ ಕೇಳುವುದಿಲ್ಲ, ಜೇಬುಗಳ್ಳರಿಗೂ ಅನುಕೂಲ. ಸ್ವಲ್ಪ ಹೊತ್ತು ಅಂಚಿನಲ್ಲಿ ನಿಲ್ಲಿ, ಯಾರಾದರೂ ಎದ್ದು ಹೋದ ಕೂಡಲೇ ಮುಂದೆ ಬನ್ನಿ. "ಸ್ಮಹ್ ಲಿಯಾ" ಅಂದರೆ ಕ್ಷಮಿಸಿ, ಜಾಗ ಕೊಡಿ. "ಸಲಾಮ್ ಆಲೈಕುಂ" ಅಂದು ಕೂತರೆ ಪಕ್ಕದವರು ಸರಿದು ಜಾಗ ಮಾಡುತ್ತಾರೆ. ಹಿಂದಿಯಾ, ಅಂದರೆ ಭಾರತದವರಾ ಅಂತ ಕೇಳುತ್ತಾರೆ. ಹೌದು ಅಂದರೆ ಶಾರುಖ್ ಖಾನ್ ಹೆಸರು ಬರುವುದಕ್ಕೆ ಹತ್ತು ಸೆಕೆಂಡು ಹಿಡಿಯುವುದಿಲ್ಲ. ಕರ್ನಾಟಕ ಅಂತ ವಿವರಿಸಲು ಹೋಗಿ ನಾನು ಸೋತೆ.

ಆಟದ ನಡುವಿನ ಖಾಲಿ ಜಾಗಕ್ಕೆ ಕಾಲು ಚಾಚಬೇಡಿ, ಅದನ್ನು ದಾಟಿಕೊಂಡೂ ಹೋಗಬೇಡಿ. ಅದು ಅವರ ಅಂಗಳ. ಹೋಗುವುದಿದ್ದರೆ ಹಿಂದಿನಿಂದ ಹೋಗಿ. ಕೂರುವ ಸ್ಟೂಲು ತಂಡದವರದ್ದೇ ಆಗಿರಬಹುದು. ಹಾಗಿದ್ದರೆ ಅದಕ್ಕೂ ಸೇರಿ ಸ್ವಲ್ಪ ಜಾಸ್ತಿ ಕೊಡಬೇಕು.

ನಡುವೆ ಒಬ್ಬ ಬೆಂದಿರ್ ಅನ್ನು ಬೆಂಕಿಯ ಮೇಲೆ ಹಿಡಿಯುವುದು ಕಂಡರೆ ಚೆನ್ನಾಗಿ ನೋಡಿ. ಬೆಂದಿರ್ ಅಗಲ ಚೌಕಟ್ಟಿನ ಚರ್ಮವಾದ್ಯ, ಒಳಗಡೆ ಚರ್ಮಕ್ಕೆ ತಾಗಿದ ಹಾಗೆ ಕರುಳಿನ ದಾರ ಇರುತ್ತದೆ, ಅದರಿಂದಲೇ ಆ ಗುಂಯ್ ಅನ್ನುವ ಸದ್ದು. ರಾತ್ರಿಯ ತಂಪಿಗೆ ಚರ್ಮ ಸಡಿಲವಾಗುತ್ತದೆ, ಕಾಯಿಸಬೇಕು. ನಮ್ಮ ತಮಟೆಯವರು ಹುಲ್ಲಿನ ಬೆಂಕಿಗೆ ಹಿಡಿಯುವುದಿಲ್ವಾ, ಅದೇ ಕೆಲಸ. ಕಾಯಿಸಿ, ಬೆರಳಲ್ಲಿ ಒಮ್ಮೆ ತಟ್ಟಿ, ತಲೆ ಅಡ್ಡ ಆಡಿಸಿ, ಮತ್ತೆ ಕಾಯಿಸುತ್ತಾರೆ. ಎರಡನೇ ಸಲ ತಟ್ಟಿದಾಗ ಸ್ವರ ಮೇಲೆ ಹೋಗಿದ್ದು ನಿಮಗೂ ಕೇಳುತ್ತದೆ.

ಹೆಂಗಸರಿಗೆ ಒಂದು ಮಾತು. ತಡರಾತ್ರಿಯ ಹಲ್ಕಾಗಳಲ್ಲಿ ಗಂಡಸರೇ ಜಾಸ್ತಿ. ಒತ್ತಿಕೊಂಡು ನಿಂತ ಗುಂಪಿನಲ್ಲಿ ಮೈಮೇಲೆ ಬೀಳುವ ಪೋಲಿಗಳು ಎಲ್ಲ ಊರಿನ ಹಾಗೆ ಇಲ್ಲೂ ಇದ್ದಾರೆ. ಸಂಸಾರ ಸಮೇತ ಬಂದವರು ಕೂತಿರುವ ಹಲ್ಕಾ ಆರಿಸಿ, ನಿಲ್ಲುವ ಬದಲು ಕೂತುಕೊಳ್ಳಿ, ಬೆನ್ನ ಹಿಂದೆ ಜೊತೆಗಾರರು ಇರಲಿ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿದರೆ ಗಂಡಸರಾಗಲಿ ಹೆಂಗಸರಾಗಲಿ ಹಾಯಾಗಿರಬಹುದು. ಸಲ್ವಾರ್ ಕಮೀಜ್ ಅಲ್ಲಿಗೆ ಹೇಳಿ ಮಾಡಿಸಿದ ಉಡುಪು.

ಹಂತ 6: ತಟ್ಟೆ ಬಂದಾಗ

ಹಾಡು ಏರಿ ಏರಿ ಇನ್ನೇನು ತುದಿ ಮುಟ್ಟಬೇಕು, ಅಷ್ಟರಲ್ಲಿ ನಿಲ್ಲಿಸುತ್ತಾರೆ. ದೊಂಬರಾಟದಲ್ಲಿ ಕೊನೆಯ ಹಗ್ಗದ ನಡಿಗೆಗೆ ಮುಂಚೆ ತಟ್ಟೆ ಬರುವುದಿಲ್ವಾ, ಇದೂ ಅದೇ ಜಾಣತನ. ಒಬ್ಬ ಟೋಪಿಯನ್ನೋ ಬೆಂದಿರ್ ಅನ್ನೋ ಮಗುಚಿ ಹಿಡಿದು ಸುತ್ತು ಬರುತ್ತಾನೆ. ಕೊಟ್ಟವರಿಗೆ ಅಂಗೈ ಬಿಚ್ಚಿ ದುವಾ ಹೇಳುವುದುಂಟು. ಸುತ್ತ ಇದ್ದವರೂ ಅಂಗೈ ಎತ್ತಿ ಆಮೀನ್ ಅನ್ನುತ್ತಾರೆ. ಆ ಹೊತ್ತಿನಲ್ಲಿ ಮೊಬೈಲ್ ಕೆಳಗಿರಲಿ.

ಎಷ್ಟು ಕೊಡಬೇಕು? ಸ್ವಲ್ಪ ಹೊತ್ತು ಕೇಳಿದರೆ ನಾನು 5ರಿಂದ 10 ದಿರ್ಹಮ್ ಹಾಕುತ್ತೇನೆ. ಒಂದು ಗಂಟೆ ಕೂತರೆ 20 ದಾಟುತ್ತದೆ, ಎರಡು ಮೂರು ಕಂತಿನಲ್ಲಿ. ಊರಿನವರು ಒಂದು, ಎರಡು ಹಾಕುವುದು ಕಾಣುತ್ತದೆ. ನೀವು ಅಷ್ಟೇ ಹಾಕಿದರೆ ತಟ್ಟೆಯವನು ಅಲ್ಲೇ ನಿಲ್ಲುತ್ತಾನೆ. ವಿಮಾನ ಹತ್ತಿ ಬಂದವರು ಅಂತ ಅವನಿಗೆ ಗೊತ್ತು, ಅವನ ಲೆಕ್ಕ ತಪ್ಪೂ ಅಲ್ಲ. ಹಾಗಂತ ನೋಟು ಬೀಸುತ್ತಾ ಹೋದರೆ ಮುಂದಿನ ಅರ್ಧ ಗಂಟೆ ತಂಡದ ಅರ್ಧ ಜನ ನಿಮ್ಮ ಸುತ್ತಲೇ ಇರುತ್ತಾರೆ, ಸಂಗೀತ ನಿಮಗಾಗಿ ಕುಣಿಯಲು ಶುರು ಮಾಡುತ್ತದೆ, ಉಳಿದವರಿಗೆ ರಸಭಂಗ. ಇನ್ನೂ ಬೇಕು ಅಂತ ಒತ್ತಾಯ ಮಾಡಿದರೆ ಕೈಯನ್ನು ಎದೆಗೆ ಇಟ್ಟು "ಸಫಿ, ಶುಕ್ರನ್" ಅನ್ನಿ. ಸಾಕು, ಧನ್ಯವಾದ. ಸಿಟ್ಟು ಮಾಡಬೇಡಿ, ನಗಾಡಿ.

ಚೆನ್ನಾಗಿ ನುಡಿಸಿದವರಿಗೆ ದುಡ್ಡಿನ ಜೊತೆ "ತಬಾರಕಲ್ಲಾ ಅಲಿಕ್" ಅಂತ ಒಂದು ಮಾತು ಹೇಳಿ ನೋಡಿ. ಶಭಾಷ್, ದೇವರು ಚೆನ್ನಾಗಿಟ್ಟಿರಲಿ ಅನ್ನುವ ಅರ್ಥ. ಮುಖ ಅರಳುತ್ತದೆ.

ಹಂತ 7: ಮೊಬೈಲ್‌ಗೆ ಲಗಾಮು

ಮೊದಲು ದುಡ್ಡು, ಆಮೇಲೆ ಕ್ಯಾಮೆರಾ. ಇದು ತಿರುಗುಮುರುಗಾದರೆ ಜಗಳ. ತಟ್ಟೆಗೆ ಹಾಕಿ, ಮೊಬೈಲ್ ತೋರಿಸಿ, ಕಣ್ಣಲ್ಲೇ ಕೇಳಿ. ತಲೆಯಾಡಿಸಿದರೆ ಒಂದು ಅಥವಾ ಎರಡು ನಿಮಿಷ ತೆಗೆದು ಒಳಗಿಡಿ. ಫ್ಲ್ಯಾಶ್ ಬೇಡವೇ ಬೇಡ. ಸುತ್ತ ಕೂತ ಹೆಂಗಸರ ಮುಖ ತೆಗೆಯಬೇಡಿ.

ವಿಡಿಯೊಗಿಂತ ಬರೀ ಧ್ವನಿ ಮುದ್ರಿಸಿಕೊಂಡರೆ ನೆನಪಿಗೆ ಒಳ್ಳೆಯದು. ಅದಕ್ಕೂ ಕೇಳಿಯೇ ಮಾಡಿ. ಮೊಬೈಲನ್ನು ತೊಡೆಯ ಮೇಲೆ ಇಟ್ಟು ಹತ್ತು ನಿಮಿಷ ಬಿಡಿ. ಕ್ರಾಕೆಬ್‌ಗೆ ತೀರಾ ಹತ್ತಿರ ಕೂತರೆ ಸದ್ದು ಒಡೆಯುತ್ತದೆ, ಗೆಂಬ್ರಿಯ ಪಕ್ಕಕ್ಕೆ ಸರಿಯಿರಿ.

ಹಂತ 8: ನಡುವೆ ಏನಾದರೂ ತಿನ್ನಿ

ಊಟದ ಅಂಗಡಿಗಳಿಗೆ ನಂಬರ್ ಇರುತ್ತದೆ. ಕರೆಯುವ ಹುಡುಗರು ಹತ್ತು ಭಾಷೆ ಮಾತಾಡುತ್ತಾರೆ, ಕೈ ಹಿಡಿದು ಎಳೆಯುತ್ತಾರೆ. ಊರಿನವರು ತುಂಬಿರುವ ಬೆಂಚು ನೋಡಿ ಕೂರಿ, ಬೆಲೆ ಮೊದಲೇ ಕೇಳಿ. ನೀವು ಹೇಳದೇ ತಂದಿಟ್ಟ ಬ್ರೆಡ್, ಆಲಿವ್‌ಗೂ ಬಿಲ್ಲಿನಲ್ಲಿ ದುಡ್ಡು ಸೇರಬಹುದು.

ಸಸ್ಯಾಹಾರಿಗಳಿಗೆ ಕಷ್ಟ ಇಲ್ಲ, ಎಚ್ಚರ ಬೇಕು. "ಬ್ಲಾ ಲ್ಹಮ್" ಅಂದರೆ ಮಾಂಸ ಬೇಡ. ಆದರೂ ಹರೀರಾ ಸೂಪ್, ತರಕಾರಿ ಕುಸ್‌ಕುಸ್ ಮಾಂಸದ ಕಟ್ಟಿನಲ್ಲೇ ಬೆಂದಿರಬಹುದು. ಬದನೆಕಾಯಿ ಸುಟ್ಟು ಮಾಡಿದ ಝಾಲೂಕ್ ನಮ್ಮ ಗೊಜ್ಜಿನ ನೆಂಟ. ಒಣ ಅವರೆಯಂಥ ಕಾಳು ಬೇಯಿಸಿ ಕಡೆದ ಬಿಸ್ಸಾರಾ ಬೆಳಗಿನ ಹೊತ್ತು ಸಿಕ್ಕರೆ ಬಿಡಬೇಡಿ. ರಾತ್ರಿಗೆ ನನ್ನ ಆಯ್ಕೆ ಖುದಂಜಾಲ್. ದೊಡ್ಡ ತಾಮ್ರದ ಹಂಡೆಗಳಿಂದ ಲೋಟಕ್ಕೆ ಬಗ್ಗಿಸುವ ಕಷಾಯ. ಶುಂಠಿ ಜಾತಿಯ ಬೇರು, ದಾಲ್ಚಿನ್ನಿ, ಲವಂಗ. ಗಂಟಲು ಸುಡುತ್ತದೆ, ಕಿವಿ ಬಿಚ್ಚಿಕೊಳ್ಳುತ್ತದೆ. ಚಳಿಯಲ್ಲಿ ಮತ್ತೊಂದು ಗಂಟೆ ಕೂರಲು ಅಷ್ಟು ಸಾಕು.

ಹಂತ 9: ಕಿರಿಕಿರಿ ಪಟ್ಟಿ, ಚಿಕ್ಕದಾಗಿ

ಗೋರಂಟಿ ಹಾಕುವ ಹೆಂಗಸರು ಕೇಳದೆಯೇ ಕೈ ಹಿಡಿದು ಶುರು ಮಾಡಿಬಿಡುತ್ತಾರೆ. ಕೈ ಜೇಬಿನಲ್ಲಿರಲಿ. "ಆ ದಾರಿ ಮುಚ್ಚಿದೆ, ನಾನು ತೋರಿಸುತ್ತೇನೆ" ಅನ್ನುವವರ ಮಾತಿಗೆ "ಲಾ, ಶುಕ್ರನ್" ಅಂದು ನಡೆಯುತ್ತಿರಿ. ನನ್ನನ್ನು ಹೀಗೆ ಒಬ್ಬ ಹುಡುಗ ಚೌಕಕ್ಕೆ ತಲುಪಿಸುತ್ತೇನೆಂದು ಇಪ್ಪತ್ತು ನಿಮಿಷ ಓಣಿ ಓಣಿ ಸುತ್ತಿಸಿ 50 ದಿರ್ಹಮ್ ಕೇಳಿದ. ಚೌಕ ಇದ್ದದ್ದು ನಾನು ಹೊರಟ ಜಾಗದಿಂದ ಮೂರು ನಿಮಿಷದ ದಾರಿಯಲ್ಲಿ. ಓಣಿಗಳಲ್ಲಿ ಮೋಟಾರ್ ಬೈಕು ಬೆನ್ನಿಗೇ ಬರುತ್ತವೆ, ಗೋಡೆಯ ಪಕ್ಕ ನಡೆಯಿರಿ.

ಹಂತ 10: ವಾಪಸ್ ಹೋಗುವ ದಾರಿ

ಮದೀನಾದ ಒಳಗಿನ ರಿಯಾದ್‌ನಲ್ಲಿ, ಅಂದರೆ ಅಂಗಳವಿರುವ ಹಳೆ ಮನೆಯಲ್ಲಿ ಉಳಿದುಕೊಂಡಿದ್ದರೆ ಹಗಲಲ್ಲೇ ದಾರಿ ಒಂದು ಸಲ ನಡೆದು ನೋಡಿ. ರಾತ್ರಿ ಅಂಗಡಿಗಳ ಬಾಗಿಲು ಮುಚ್ಚಿದ ಮೇಲೆ ಎಲ್ಲ ಓಣಿಯೂ ಒಂದೇ ಥರ ಕಾಣುತ್ತದೆ. ನಕ್ಷೆಯನ್ನು ಮೊಬೈಲಿಗೆ ಮೊದಲೇ ಇಳಿಸಿಕೊಳ್ಳಿ. ಹೊಸ ಊರಿನ ಕಡೆ ಹೋಗುವುದಿದ್ದರೆ ತಿಳಿ ಕಂದು ಬಣ್ಣದ ಸಣ್ಣ ಟ್ಯಾಕ್ಸಿಗಳಿವೆ. ಮೀಟರ್ ಹಾಕಲು ಹೇಳಿ, ಒಪ್ಪದಿದ್ದರೆ ಹತ್ತುವ ಮುಂಚೆಯೇ ರೇಟ್ ಮಾತಾಡಿ. ರಾತ್ರಿ ಹೆಚ್ಚಿನ ದರ ಇರುವುದು ನಿಯಮವೇ, ಆಟೊದವರ ಒಂದೂವರೆ ಮೀಟರಿನ ಹಾಗೆ.

ಗ್ನಾವಾ ರುಚಿ ಹತ್ತಿದರೆ ಮುಂದಿನ ಊರು ಎಸ್ಸಾವಿರಾ. ಸಮುದ್ರದ ದಡದಲ್ಲಿದೆ, ಬಸ್ಸಿನಲ್ಲಿ ಮೂರು ಗಂಟೆ ಸುಮಾರು. ಅಲ್ಲಿ 1998ರಿಂದ ಗ್ನಾವಾ ಹಬ್ಬ ನಡೆಯುತ್ತಾ ಬಂದಿದೆ, ಸಾಮಾನ್ಯವಾಗಿ ಜೂನ್‌ನಲ್ಲಿ. ವೇದಿಕೆ, ಮೈಕು, ಹೊರದೇಶದ ಜಾಝ್‌ನವರು ಎಲ್ಲ ಇರುತ್ತಾರೆ. ಗೆಂಬ್ರಿಯ ಕೆಳಗಿನ ಸ್ವರ ಸ್ಪೀಕರಿನಲ್ಲಿ ಬಂದಾಗ ನೆಲ ನಡುಗುತ್ತದೆ.

ಕೊನೆಯ ಹಲ್ಕಾದಿಂದ ಬೇಗ ಏಳಬೇಡಿ. ಹನ್ನೆರಡು ದಾಟಿದ ಮೇಲೆ ಊಟದ ಅಂಗಡಿಯವರು ಒಲೆ ತೊಳೆಯುತ್ತಿರುತ್ತಾರೆ, ಪ್ರವಾಸಿಗಳು ಮಲಗಿರುತ್ತಾರೆ. ನನ್ನ ಬ್ಯಾಂಜೊ ತಂಡದ ಸುತ್ತ ಆ ಹೊತ್ತಿಗೆ ಹದಿನೈದು ಜನ ಉಳಿದಿದ್ದರು. ತಟ್ಟೆ ಹಿಡಿದು ಬರುವವನು ತಟ್ಟೆ ಕೆಳಗಿಟ್ಟು ತಾನೇ ಹಾಡಲು ಕೂತ. ಬ್ಯಾಂಜೊದವನು ಎರಡು ಸಲ ಪೆಟ್ಟಿಗೆಯ ಮುಚ್ಚಳ ತೆಗೆದ, ಎರಡು ಸಲವೂ ಯಾರೋ ಒಬ್ಬ ಮೊದಲ ಸಾಲು ಎತ್ತಿದ, ಮುಚ್ಚಳ ಮತ್ತೆ ಬಿತ್ತು. ಮೂರನೇ ಸಲ ಅವನು ನಿಜವಾಗಿಯೂ ವಾದ್ಯ ಒಳಗಿಟ್ಟು, ನಾನು ಕೂತಿದ್ದ ಸ್ಟೂಲಿನ ಕಡೆ ಕೈ ತೋರಿಸಿದ. ಎದ್ದು ಕೊಟ್ಟೆ.